ದನವಿಲ್ಲದ ಗುಡ್ಡ

ಬೆಟ್ಟಮ್ಮನದು ಹುಟ್ಟಾ ಸಿಟ್ಟಿನ ಸ್ವಭಾವವಲ್ಲ. ಮಗ್ಗೆಯಿಂದ ಮದುವೆಯಾಗಿ ವನಗೂರಿನ ಕೆಳಗಿನ ಮೂಡಲಗದ್ದೆಗೆ ಬಂದಾಗ ಅವಳು ಮಾತಿಗೊಮ್ಮೆ ನಗುತ್ತಿದ್ದ ಹುಡುಗಿ ಎಂದು ಓರಗೆಯವರು ಹೇಳುತ್ತಿದ್ದರು. ಬಯಲಿನಲ್ಲಿ ಬೆಳೆದವಳಿಗೆ ಈ ಏರು, ಈ ಜಿಗಣೆ, ಈ ಮಳೆ ಒಗ್ಗುವುದಿಲ್ಲವೆಂದು ಅತ್ತೆ ಹೇಳಿದ್ದು ಸುಳ್ಳಾಯಿತು. ಒಗ್ಗದೆ ಹೋದವನು ಅಲ್ಲೇ ಹುಟ್ಟಿದ ಗಂಡ ಕರಿಯಪ್ಪ. ಮದುವೆಯಾದ ಒಂಬತ್ತನೆಯ ವರ್ಷ ಚಳಿಜ್ವರ ಅವನನ್ನು ಎಂಟು ದಿನದಲ್ಲಿ ತೆಗೆದುಕೊಂಡು ಹೋಯಿತು. ಉಳಿದದ್ದು ಮಗಳು ಗಂಗಾಮಣಿ, ಒಂದು ತುಂಡು ಗದ್ದೆ, ಎರಡು ಎಮ್ಮೆ.

ಹತ್ತು ವರ್ಷದಲ್ಲಿ ಬೆಟ್ಟಮ್ಮ ಆ ಎರಡು ಎಮ್ಮೆಯನ್ನು ಏಳು ಮಾಡಿದಳು. ಅವಳ ಬೆಣ್ಣೆ ಬಾಳೆಲೆಯಲ್ಲಿ ಸುತ್ತಿಕೊಂಡು ಸುತ್ತಲಿನ ಎಸ್ಟೇಟ್ ಬಂಗಲೆಗಳಿಗೆಲ್ಲ ಹೋಗುತ್ತಿತ್ತು. ಎಮ್ಮೆಗಳು ಮೇಯುತ್ತಿದ್ದದ್ದು ಊರ ಮೇಲಿನ ಹುಲ್ಲುಬನ್ನಿಯಲ್ಲಿ. ಊರಿನ ದನಗಳೆಲ್ಲ ಒಟ್ಟಿಗೆ ಮೇಯುವ ಬೋಳುಗುಡ್ಡಕ್ಕೆ ಆ ಸೀಮೆಯಲ್ಲಿ ಹಾಗೆನ್ನುತ್ತಾರೆ. ಅದು ಯಾರೊಬ್ಬರ ಹೆಸರಿನಲ್ಲೂ ಇರಲಿಲ್ಲ. ಯಾರ ಹೆಸರಿನಲ್ಲಾದರೂ ಇರಬೇಕೆಂದು ಯಾರಿಗೂ ಹೊಳೆದಿರಲೂ ಇಲ್ಲ. ಗುಡ್ಡದ ಬಡಗಲ ಮಗ್ಗುಲಲ್ಲಿ ಬೇಸಿಗೆಯಲ್ಲೂ ಬತ್ತದ ಒಂದು ಹಳ್ಳ, ನೆತ್ತಿಯಲ್ಲಿ ದನಗಳು ಮೈ ಉಜ್ಜಿಕೊಳ್ಳಲೆಂದು ಹಿಂದಿನವರು ನಿಲ್ಲಿಸಿದ್ದ ಆಳೆತ್ತರದ ಕಲ್ಲು. ಅಷ್ಟೇ ಅಲ್ಲಿದ್ದದ್ದು.

ಸಾವಿರದ ಎಂಟುನೂರ ಎಂಬತ್ತೆಂಟರಲ್ಲಿ ಆ ಸುತ್ತಿನ ಕಾಫಿ ತೋಟದ ದೊರೆಗಳು ಗುಡ್ಡದ ಬುಡದಲ್ಲಿ ಹುಲ್ಲು ಹೊದಿಸಿದ ಒಂದು ಮನೆ ಕಟ್ಟಿಕೊಂಡು ಅದಕ್ಕೆ ಕ್ಲಬ್ಬು ಎಂದು ಹೆಸರಿಟ್ಟರು. ಹದಿನೈದು ದಿನಕ್ಕೊಮ್ಮೆ ಕುದುರೆಯ ಮೇಲೆ ಬಂದು ಸೇರುವುದು, ಕುಡಿಯುವುದು, ಇಸ್ಪೀಟು ಆಡುವುದು, ಕಾಫಿಗಿಡಕ್ಕೆ ಬಿದ್ದ ಹುಳುವನ್ನು ಬೈಯುವುದು ಅವರ ಪದ್ಧತಿ. ಊರಿನವರಿಗೆ ಅದರಿಂದ ತೊಂದರೆಯೇನೂ ಇರಲಿಲ್ಲ. ಬೆಟ್ಟಮ್ಮನ ಬೆಣ್ಣೆ ಅಲ್ಲಿಗೂ ಹೋಗುತ್ತಿತ್ತು. ಐದಾರು ವರ್ಷ ಕಳೆದ ಮೇಲೆ ಕ್ಲಬ್ಬಿಗೆ ಹೊಸ ಕಾರ್ಯದರ್ಶಿ ಬಂದ. ಊರಿನವರು ಅವನನ್ನು ಕೆಂಪುಮೀಸೆ ದೊರೆ ಎನ್ನುತ್ತಿದ್ದರು. ಗಾಲ್ಫ್ ಆಡಲು ಮೈದಾನವಿಲ್ಲದ ಕ್ಲಬ್ಬು ಕ್ಲಬ್ಬೇ ಅಲ್ಲ ಎಂಬುದು ಅವನ ವಾದ. ಅವನ ಕಣ್ಣು ಹುಲ್ಲುಬನ್ನಿಯ ಮೇಲೆ ಬಿತ್ತು.

ತೊಂಬತ್ತನಾಲ್ಕರ ಮಾಗಿಯಲ್ಲಿ ಒಂದು ದಿನ ಪಟೇಲ ಕೃಷ್ಣಪ್ಪಗೌಡ ಊರಲ್ಲಿ ತಮಟೆ ಹೊಡೆಸಿದ. ಗುಡ್ಡದಲ್ಲಿ ಕಾಲುಬಾಯಿ ಜ್ವರ ಕಾಣಿಸಿಕೊಂಡಿದೆ, ನೋಡಲು ಸರ್ಕಾರದವರು ಬರುತ್ತಾರೆ, ಎರಡು ದಿನ ಯಾರೂ ದನ ಬಿಡಕೂಡದು ಎಂದು. ಪಟೇಲನೆಂದರೆ ಕರಿಯಪ್ಪನ ದೊಡ್ಡಪ್ಪನ ಮಗ, ಬೆಟ್ಟಮ್ಮನಿಗೆ ಭಾವನಾಗಬೇಕು. ಅವನ ಮಾತನ್ನು ಅನುಮಾನಿಸುವ ಕಾರಣವೇ ಇರಲಿಲ್ಲ. ಬೆಟ್ಟಮ್ಮ ಎರಡು ದಿನ ಗದ್ದೆಯ ಬದುವಿನಿಂದ ಹೊರೆ ಹೊರೆ ಹುಲ್ಲು ಕೊಯ್ದು ತಂದು ಕೊಟ್ಟಿಗೆಯಲ್ಲೇ ಎಮ್ಮೆಗಳಿಗೆ ಹಾಕಿದಳು. ಹಗ್ಗ ಜಗ್ಗಿದ ಎಮ್ಮೆಗಳಿಗೆ ನಿಮ್ಮ ಒಳ್ಳೆಯದಕ್ಕೇ ಎಂದು ಸಮಾಧಾನವನ್ನೂ ಹೇಳಿದಳು. ಮುಂದೆ ಈ ಸಂಗತಿ ನೆನಪಾದಾಗಲೆಲ್ಲ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಆ ಎರಡು ದಿನದಲ್ಲಿ ಬಂದವನು ದನದ ಡಾಕ್ಟರಲ್ಲ. ಕಂದಾಯದ ಸಾಹೇಬರೊಬ್ಬರು ಕೆಂಪುಮೀಸೆ ದೊರೆಯ ಜೊತೆ ಕುದುರೆಯ ಮೇಲೆ ಗುಡ್ಡ ಸುತ್ತಿ, ಪಟೇಲನ ಹೇಳಿಕೆ ಬರೆಸಿಕೊಂಡು ಹೋದರು. ಎರಡು ತಿಂಗಳಿಗೆ ಗುಡ್ಡದ ಸುತ್ತ ಬೇಲಿ ಬಂತು. ಉಜ್ಜುವ ಕಲ್ಲನ್ನು ಕಿತ್ತು, ನಾಲ್ಕು ಜೊತೆ ಎತ್ತು ಕಟ್ಟಿ ಕೆಳಕ್ಕೆ ಎಳೆದು, ಕ್ಲಬ್ಬಿನ ಜಗಲಿಯ ಮುಂದೆ ಕುದುರೆ ಹತ್ತಲು ಮೆಟ್ಟಿಲಾಗಿ ಅಡ್ಡ ಹಾಕಿದರು. ಹುಲ್ಲನ್ನು ನುಣ್ಣಗೆ ಬೋಳಿಸಿದರು. ಅಲ್ಲಲ್ಲಿ ಸಣ್ಣ ಗುಣಿ ತೋಡಿ ಬಿಳಿ ಬಾವುಟ ನೆಟ್ಟರು. ಚೆಂಡಿಗೆ ಅಡ್ಡಿಯಾಗಲೆಂದು ಬೇಕೆಂದೇ ಆಳವಾದ ಗುಂಡಿಗಳನ್ನು ಅಗೆದು ಹೊಳೆಯ ಮರಳು ತುಂಬಿಸಿದರು. ಅದೇ ಹೊತ್ತಿಗೆ ಪಟೇಲನ ಮನೆಯ ಗೋಡೆಗೆ ಹೊಸ ಜೋಡಿನಳಿಕೆಯ ಕೋವಿಯೊಂದು ಬಂದು ಕೂತಿತು. ದೊರೆ ಕೊಟ್ಟ ಉಡುಗೊರೆ ಎಂದು ಅವನೇ ಬಂದವರಿಗೆಲ್ಲ ತೋರಿಸುತ್ತಿದ್ದ.

ಊರು ಗೊಣಗಿತು, ಅಷ್ಟೇ. ಅರ್ಧ ಊರಿಗೆ ದೊರೆಗಳ ತೋಟದಲ್ಲಿ ಕೆಲಸ. ಮೇವಿಲ್ಲದೆ ಜನ ದನ ಮಾರತೊಡಗಿದರು. ಬೇಲಿ ದಾಟಿದ ದನವನ್ನು ಕ್ಲಬ್ಬಿನ ಕಾವಲುಗಾರರು ದೊಡ್ಡಿಗೆ ಹೊಡೆಯುತ್ತಿದ್ದರು. ಬೆಟ್ಟಮ್ಮ ಎಮ್ಮೆಗಳನ್ನು ಬಿಸಿಲೆ ಕಡೆಯ ಕಾಡಂಚಿಗೆ ಅಟ್ಟಿಕೊಂಡು ಹೋಗುವುದು ರೂಢಿ ಮಾಡಿಕೊಂಡಳು. ಹೋಗಿಬರಲು ದಿನವೆಲ್ಲ ಬೇಕು, ಹುಲಿಯ ಭಯ ಬೇರೆ. ಆಗಲೂ ಅವಳು ಸರ್ಕಾರ ಕೊಟ್ಟಿದೆಯಂತೆ, ನಾವೇನು ಮಾಡೋದು ಎನ್ನುತ್ತಿದ್ದವಳೇ.

ಚೆಲುವಿ ಎಂಬುದು ಅವಳ ಏಳು ಎಮ್ಮೆಗಳಲ್ಲಿ ಹಿರಿಯದು. ತೊಂಬತ್ತೈದರ ಕಾರ್ತಿಕದಲ್ಲಿ ಅದಕ್ಕೆ ದಿನ ತುಂಬಿತ್ತು. ದೂರ ನಡೆಸುವುದು ಬೇಡವೆಂದು ಬೆಟ್ಟಮ್ಮ ಅದನ್ನು ಮನೆಯ ಹಿಂದೆ ಬಿಟ್ಟಿದ್ದಳು. ಮಳೆಗೆ ಬೇಲಿ ಒಂದು ಕಡೆ ಕುಸಿದಿತ್ತು. ಹಳ್ಳಕ್ಕೆ ಹೋಗುವ ಹಳೆಯ ದಾರಿ ಎಮ್ಮೆಗೆ ಗೊತ್ತಿತ್ತು, ನಡುವೆ ಹೊಸದಾಗಿ ಅಗೆದ ಮರಳಗುಂಡಿ ಗೊತ್ತಿರಲಿಲ್ಲ. ಕೂಗು ಕೇಳಿ ಬೆಟ್ಟಮ್ಮ ಗುಡ್ಡ ಹತ್ತಿ ಓಡಿದಾಗ ಅದು ಗುಂಡಿಯೊಳಗೆ ಮಗ್ಗುಲಾಗಿ ಬಿದ್ದಿತ್ತು. ಮುಂಗಾಲು ಮುರಿದು ಮೂಳೆ ಹೊರಗೆ ಕಾಣುತ್ತಿತ್ತು. ಹೊಟ್ಟೆಯೊಳಗೆ ಕರು ಹೊರಳುತ್ತಿತ್ತು.

ಬೆಟ್ಟಮ್ಮ ಗುಂಡಿಗಿಳಿದು ಎಮ್ಮೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನೆರೆಮನೆಯ ದೇವೀರಮ್ಮನನ್ನು ಕರೆತರಲು, ಹಿಂದೆಯೇ ಓಡಿಬಂದಿದ್ದ ಮಗಳನ್ನು ಅಟ್ಟಿದಳು. ಹೆಂಗಸರಿಗೂ ದನಕ್ಕೂ ಹೆರಿಗೆ ಮಾಡಿಸುವುದರಲ್ಲಿ ದೇವೀರಮ್ಮನದು ಪಳಗಿದ ಕೈ. ಅಷ್ಟರಲ್ಲಿ ಕೆಂಪುಮೀಸೆ ದೊರೆ ಬಂದ. ಅವನ ಹಿಂದೆ ಕ್ಲಬ್ಬಿನ ರೈಟರ್ ಬೊನಿಫಾಸ್ ರೊಸಾರಿಯೋ. ಮಂಗಳೂರಿನ ಕಡೆಯಿಂದ ಹೆಂಡತಿ ಆನ್ನಿಯನ್ನು ಕರೆದುಕೊಂಡು ಬಂದು ಅಲ್ಲೇ ನೆಲೆಸಿದ್ದವನು. ಕಾಗದಪತ್ರ ಬರೆಯುವುದೂ ದೊರೆಗಳ ಮಾತನ್ನು ಕನ್ನಡಕ್ಕೆ ತರುವುದೂ ಅವನ ಕೆಲಸ. ದೊರೆಯ ಕೈಯಲ್ಲಿ ಕೋವಿಯಿತ್ತು.

ಆ ಹೆಂಗಸಿಗೆ ಏಳಲು ಹೇಳು ಎಂದು ದೊರೆ ರೈಟರಿಗೆ ಹೇಳಿದ. ಕಾಲು ಹೋದ ಪ್ರಾಣಿಯನ್ನು ನರಳಲು ಬಿಡಬಾರದು ಎಂದ.

ಬೆಟ್ಟಮ್ಮ ಕೈ ಮುಗಿದಳು. "ಒಂದ್ ಗಳಿಗೆ ತಡೀರಿ ಬುದ್ಧಿ. ಎಮ್ಮೆ ಹೋದ್ರೆ ಹೋಗ್ಲಿ. ಕರ ಜೀವಂತ ಐತೆ. ದೇವೀರಮ್ಮ ಬಂದು ಕೈ ಹಾಕಿ ತಗೀತಾಳೆ. ಒಂದೇ ಗಳಿಗೆ."

ಬೊನಿಫಾಸ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಎರಡು ಸಲ ಹೇಳಿದ. ದೊರೆ ಕಿಸೆಯಿಂದ ಗಡಿಯಾರ ತೆಗೆದು ನೋಡಿದ. ಅಂದು ಕ್ಲಬ್ಬಿನ ವರ್ಷದ ಪಂದ್ಯ. ಬಿಸಿಲೇರುವುದರೊಳಗೆ ಆಟ ಶುರುವಾಗಬೇಕಿತ್ತು. ಅವನು ಕಣ್ಸನ್ನೆ ಮಾಡಿದ. ಇಬ್ಬರು ಕಾವಲುಗಾರರು ಬೆಟ್ಟಮ್ಮನ ರಟ್ಟೆ ಹಿಡಿದು ಗುಂಡಿಯಿಂದ ಮೇಲಕ್ಕೆಳೆದರು. ದೊರೆ ಎಮ್ಮೆಯ ಕಿವಿಯ ಹತ್ತಿರ ಕೋವಿಯಿಟ್ಟು ಹೊಡೆದ. ಹೊಟ್ಟೆಯೊಳಗಿನ ಹೊರಳಾಟ ಅದಾದ ಮೇಲೂ ಸ್ವಲ್ಪ ಹೊತ್ತು ನಡೆದಿತ್ತು. ದೇವೀರಮ್ಮ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದಾಗ ಅದು ನಿಂತುಹೋಗಿತ್ತು.

ಆಳುಗಳು ಎಮ್ಮೆಯನ್ನು ಹಗ್ಗ ಕಟ್ಟಿ ಎಳೆದರು. ನೆತ್ತರು ಹತ್ತಿದ ಮರಳನ್ನು ಬುಟ್ಟಿಯಲ್ಲಿ ಹೊತ್ತು ಚೆಲ್ಲಿ ಬೇರೆ ಮರಳು ಹಾಕಿದರು. ಪಂದ್ಯ ಹೊತ್ತಿಗೆ ಸರಿಯಾಗಿ ಶುರುವಾಯಿತು.

ಬೆಟ್ಟಮ್ಮ ಅಳಲಿಲ್ಲ. ಕಾವಲುಗಾರರು ಹಿಡಿದಿದ್ದ ಜಾಗದಲ್ಲಿ ರಟ್ಟೆ ಕಪ್ಪಗಾಗಿತ್ತು. ಅದನ್ನು ಮತ್ತೆ ಮತ್ತೆ ತಿಕ್ಕಿಕೊಳ್ಳುತ್ತಾ ಜಗಲಿಯಲ್ಲಿ ಕೂತಳು. ದೇವೀರಮ್ಮ ಗಂಜಿ ತಂದು ಕೊಟ್ಟರೆ ಪಾತ್ರೆಯನ್ನೇ ಅಂಗಳಕ್ಕೆ ಎಸೆದಳು. ನಗುತ್ತಿದ್ದ ಹೆಂಗಸು ಅಂದಿಗೆ ಮುಗಿದಳು.

ಮಾರನೆಯ ದಿನ ಬೆಳಿಗ್ಗೆ ಬೊನಿಫಾಸ್ ಅವಳ ಅಂಗಳಕ್ಕೆ ಬಂದ. ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತೇ ಮಾತಾಡಿದ. ಬೆಟ್ಟಮ್ಮ ಮಣೆ ಹಾಕಲಿಲ್ಲ.

"ನಿಮ್ಮ ಹತ್ರ ಒಂದು ಮಾತು ಹೇಳ್ಲಿಕ್ಕುಂಟು, ಬೆಟ್ಟಮ್ಮ. ಗುಡ್ಡ ಕೇಳಿ ಸರ್ಕಾರಕ್ಕೆ ಕೊಟ್ಟ ಅರ್ಜಿ ಬರೆದದ್ದು ನಾನೇ. ಅದರಲ್ಲಿ ಬಂಜರು ಅಂತ ಬರೆದೆ. ದೊರೆ ಹೇಳಿದ್ರು, ಬರೆದೆ."

ಬೆಟ್ಟಮ್ಮ ಮುಖವೆತ್ತಿ ನೋಡಿದಳು.

ಕಂದಾಯದ ಸಾಹೇಬರು ಬಂದ ದಿನ ತಾನೂ ಜೊತೆಯಲ್ಲಿದ್ದೆ, ಅವರ ವರದಿಯ ನಕಲು ಕ್ಲಬ್ಬಿನಲ್ಲೇ ಇದೆ ಎಂದು ಬೊನಿಫಾಸ್ ಹೇಳಿದ. ಗುಡ್ಡದ ಮೇಲೆ ಒಂದು ದನವೂ ಕಾಣಲಿಲ್ಲ, ಇದು ಮೇವಿನ ನೆಲವಲ್ಲ, ಊರಿನವರ ತಕರಾರಿಲ್ಲವೆಂದು ಪಟೇಲರು ಒಪ್ಪಿ ಸಹಿ ಹಾಕಿದ್ದಾರೆ ಎಂದು ಅದರಲ್ಲಿ ಬರೆದಿತ್ತು.

"ದನ ಹೆಂಗೆ ಕಾಣ್ತವೆ? ಕಟ್ಟಾಕ್ಸಿದ್ನಲ್ಲ," ಎಂದಳು ಬೆಟ್ಟಮ್ಮ. ಹೇಳುತ್ತಾ ಹೇಳುತ್ತಾ ಅವಳಿಗೆ ಎಲ್ಲ ತಿಳಿಯಿತು. ತಮಟೆ, ಜ್ವರದ ಸುದ್ದಿ, ಗೋಡೆಯ ಮೇಲಿನ ಕೋವಿ. "ಈಗ್ಯಾಕೆ ಬಂದ್ರಿ ರೈಟ್ರೆ? ಹೋದ್ ವರ್ಷ ಕಾಲಿರ್ಲಿಲ್ವ?" ಎಂದು ಕೇಳಿದಳು.

ಬೊನಿಫಾಸ್ ನೀವು ಹೇಳಿ, ನಾನು ಇನ್ನೊಂದು ಅರ್ಜಿ ಬರೆಯುತ್ತೇನೆ ಎಂದಷ್ಟೇ ಹೇಳಿದ.

ಅರ್ಜಿಗೆ ಮುಂಚೆ ಬೆಟ್ಟಮ್ಮನಿಗೆ ಬೇರೆ ಕೆಲಸವಿತ್ತು. ಅವಳು ನೆಟ್ಟಗೆ ಚಾವಡಿಗೆ ಹೋದಳು. ಪಟೇಲ ಕೃಷ್ಣಪ್ಪಗೌಡ ನಾಲ್ಕು ಜನರ ನಡುವೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಹೆಂಗಸರು ಚಾವಡಿ ಹತ್ತುವ ಪದ್ಧತಿ ಇರಲಿಲ್ಲ. ಬೆಟ್ಟಮ್ಮ ಹತ್ತಿದಳು.

"ಭಾವ, ಗುಡ್ಡದ ಮ್ಯಾಲೆ ಕಾಲುಬಾಯಿ ಜ್ವರ ಯಾವ್ ದನಕ್ಕೆ ಬಂದಿತ್ತು?"

ಪಟೇಲನಿಗೆ ಅರ್ಥವಾಯಿತು. ಎಮ್ಮೆ ಹೋದ ಸಂಕಟದಲ್ಲಿದ್ದೀಯ, ಮನೆಗೆ ಹೋಗು, ದೊರೆಗೆ ಹೇಳಿ ಏನಾದರೂ ಕೊಡಿಸುತ್ತೇನೆ ಎಂದ.

"ನಾನು ಕೇಳಿದ್ದಕ್ಕೆ ಹೇಳು. ಯಾರ ಮನೆ ದನಕ್ಕೆ ಬಂದಿತ್ತು? ದೇವೀರಮ್ಮನ ಮನೇದಕ್ಕಾ? ನಿನ್ ಮನೇದಕ್ಕಾ? ನಮ್ ಕೈಲೇ ನಮ್ ದನ ಕಟ್ಟಾಕ್ಸಿ, ದನ ಇಲ್ಲ ಅಂತ ಬರ್ಸಿದ್ಯಲ್ಲ. ನಿನ್ ತಮ್ಮ ಇದ್ದಿದ್ರೆ ನಿನ್ ಮಕ ನೋಡ್ತಿರ್ಲಿಲ್ಲ. ನಾನೂ ಇವತ್ತಿಂದ ನೋಡಾಕಿಲ್ಲ."

ಪಟೇಲ ಎದ್ದು ಕೈಯೆತ್ತಿದ. ಪಕ್ಕದಲ್ಲಿದ್ದವರು ಹಿಡಿದುಕೊಂಡರು. ಬೆಟ್ಟಮ್ಮ ಅಲುಗಾಡದೆ ನಿಂತಿದ್ದಳು. ಕೂತಿದ್ದವರಲ್ಲಿ ಒಬ್ಬನೂ ಪಟೇಲನಿಗೆ ಹೌದೇ ಎಂದು ಕೇಳಲಿಲ್ಲ, ಒಬ್ಬನೂ ಅವಳಿಗೆ ಸುಳ್ಳು ಎಂದೂ ಹೇಳಲಿಲ್ಲ. ಅವರ ಆ ಮೌನ ಪಟೇಲನ ಸುಳ್ಳಿಗಿಂತ ಹೆಚ್ಚು ಸುಟ್ಟಿತು ಎಂದು ಅವಳು ಮಗಳಿಗೆ ಮುಂದೆ ಎಷ್ಟೋ ಸಲ ಹೇಳಿದ್ದಾಳೆ.

ಅರ್ಜಿ ಬರೆದದ್ದು ಬೊನಿಫಾಸನ ಮನೆಯಲ್ಲಿ. ಗಂಡನ ಹೆಸರು ಹೇಳಬೇಕಾಗಿ ಬಂದಾಗ ಬೆಟ್ಟಮ್ಮ ಬಾಯಿ ಬಿಡಲಿಲ್ಲ, ಜೊತೆಗೆ ಹೋಗಿದ್ದ ದೇವೀರಮ್ಮನೇ ಕರಿಯಪ್ಪ ಎಂದು ಹೇಳಿದಳು. ಉಳಿದದ್ದನ್ನೆಲ್ಲ ಬೆಟ್ಟಮ್ಮನೇ ಹೇಳಿದಳು. ದೊರೆಯನ್ನು ಬೈದ ಮಾತುಗಳನ್ನು ಬೊನಿಫಾಸ್ ಬಿಟ್ಟು ಬರೆದ. ಓದಿ ಹೇಳಿದಾಗ ಅವಳಿಗೆ ಗೊತ್ತಾಗಿ ಅದಕ್ಕೂ ಜಗಳವಾಡಿದಳು. ಕೊನೆಗೆ ಆನ್ನಿ ನಡುವೆ ಬಂದು, ಬೈಗುಳವಿದ್ದರೆ ಅರ್ಜಿಯನ್ನು ಓದದೆಯೇ ಹರಿದು ಹಾಕುತ್ತಾರೆ ಎಂದು ಒಪ್ಪಿಸಬೇಕಾಯಿತು.

ಅಂಚೆಯಲ್ಲಿ ಹಾಕಬಹುದಿತ್ತು. ಬೆಟ್ಟಮ್ಮ ಅಂಚೆಯನ್ನು ನಂಬಲಿಲ್ಲ. ಅಂಚೆಯ ಚೀಲ ಕ್ಲಬ್ಬಿನ ಮುಂದೆಯೇ ಹೋಗುತ್ತಿತ್ತು. ಎಮ್ಮೆಗಳನ್ನು ಮಗಳಿಗೆ ಒಪ್ಪಿಸಿ, ಅರ್ಜಿಯನ್ನು ಸೆರಗಿಗೆ ಕಟ್ಟಿಕೊಂಡು ಹಾಸನಕ್ಕೆ ನಡೆದೇ ಹೊರಟಳು. ಎರಡನೆಯ ದಿನ ತವರೂರು ಮಗ್ಗೆಯಲ್ಲಿ ಅಕ್ಕ ರಾಮಮ್ಮನ ಮನೆಯಲ್ಲಿ ಉಳಿದುಕೊಂಡಳು. ದೊಡ್ಡವರ ಸಹವಾಸ ಬೇಡ, ವಾಪಸ್ಸು ಹೋಗು ಎಂದು ಅಕ್ಕ ಬೇಡಿಕೊಂಡಳು. ಬೆಟ್ಟಮ್ಮ ಬೆಳಗಾಗುತ್ತಲೇ ಹೇಳದೆ ಹೊರಟಳು. ಹಾಸನದ ಕಚೇರಿಯ ಮುಂದೆ ನಾಲ್ಕು ದಿನ ಕಾದಳು. ಒಳಗೆ ಕೊಡುತ್ತೇವೆ ತಾ ಎಂದ ಗುಮಾಸ್ತರ ಕೈಗೆ ಅರ್ಜಿ ಕೊಡಲಿಲ್ಲ. ಐದನೆಯ ದಿನ ದೊಡ್ಡ ಸಾಹೇಬರು ಗಾಡಿಯಿಂದ ಇಳಿಯುವಾಗ ದಾರಿಗೆ ಅಡ್ಡ ನಿಂತು ಅವರ ಕೈಗೇ ಕೊಟ್ಟಳು. ಅವರು ಅಲ್ಲೇ ನಿಂತು ಓದಿದರು. ದನ ಕಟ್ಟಿಹಾಕಿಸಿದ್ದು ನಿಜವೇ ಎಂದು ಕೇಳಿದರು. "ನನ್ ಕೈಯಾರೆ ಕಟ್ಟಿದೀನಿ ಬುದ್ಧಿ," ಎಂದಳು.

ಮರುತನಿಖೆಗೆ ಆಜ್ಞೆಯಾಯಿತು. ತೊಂಬತ್ತಾರರ ಬೇಸಿಗೆಯಲ್ಲಿ ಬೇರೊಬ್ಬ ಸಾಹೇಬರು ಬರುವುದೆಂದು ಗೊತ್ತಾದಾಗ ಬೆಟ್ಟಮ್ಮ ಮನೆ ಮನೆಗೆ ಹೋದಳು. ಅಂದು ನಿಮ್ಮ ದನಗಳನ್ನು ಗುಡ್ಡಕ್ಕೆ ಬಿಡಿ, ಅಷ್ಟು ಸಾಕು ಎಂದು ಕೇಳಿದಳು. ತೋಟದ ಕೆಲಸ ಹೋಗುತ್ತದೆ ಎಂದರು ಕೆಲವರು. ಪಟೇಲರನ್ನು ಎದುರು ಹಾಕಿಕೊಳ್ಳಲಾಗುವುದಿಲ್ಲ ಎಂದರು ಕೆಲವರು. ಮೂವತ್ತೆಂಟು ಮನೆಯಲ್ಲಿ ಏಳು ಮನೆಯವರು ಮಾತ್ರ ದನ ಬಿಚ್ಚಿದರು. ಕಾವಲುಗಾರರು ಅಡ್ಡ ನಿಂತರು. ಬೆಟ್ಟಮ್ಮ ಕೈಯಲ್ಲಿದ್ದ ಕತ್ತಿಯಿಂದ ಬೇಲಿಯ ಕಟ್ಟು ಕೊಯ್ದು ತನ್ನ ಆರು ಎಮ್ಮೆಗಳನ್ನು ಮುಂದೆ ನುಗ್ಗಿಸಿದಳು. ಉಳಿದವು ಹಿಂದೆ ಹೋದವು.

ಸಾಹೇಬರು ಬಂದಾಗ ಬಿಳಿ ಬಾವುಟಗಳ ನಡುವೆ ದನಗಳು ಮೇಯುತ್ತಿದ್ದವು. ಕೆಂಪುಮೀಸೆ ದೊರೆ ನಕ್ಕ. ಇವತ್ತಿನ ನಾಟಕಕ್ಕಾಗಿ ಈ ಹೆಂಗಸು ಹೊಡೆದುಕೊಂಡು ಬಂದಿದ್ದಾಳೆ, ಇದು ಯಾವ ಕಾಲಕ್ಕೂ ಮೇವಿನ ನೆಲವಾಗಿರಲಿಲ್ಲ ಎಂದ. ಸಾಹೇಬರು ಬೆಟ್ಟಮ್ಮನ ಕಡೆ ತಿರುಗಿ, ಮೊದಲೂ ಮೇಯುತ್ತಿದ್ದವು ಎಂಬುದಕ್ಕೆ ಏನು ಸಾಕ್ಷಿ ಎಂದರು.

"ಸಾಕ್ಷಿ ಅವರ ಬಾಗಿಲಲ್ಲೇ ಬಿದ್ದೈತೆ. ಬನ್ನಿ," ಎಂದಳು.

ಅವಳು ಅವರನ್ನು ಕ್ಲಬ್ಬಿನ ಜಗಲಿಯ ಮುಂದಕ್ಕೆ ಕರೆತಂದಳು. ಕುದುರೆ ಹತ್ತುವ ಮೆಟ್ಟಿಲಾಗಿ ಹಾಕಿದ್ದ ಉದ್ದನೆಯ ಕಲ್ಲು ಅಲ್ಲಿತ್ತು. ಒಂದು ತುದಿ ಒರಟು, ಮಣ್ಣಿನೊಳಗಿದ್ದ ಭಾಗ. ಇನ್ನೊಂದು ತುದಿಯೂ ಒರಟೇ. ನಡುವೆ, ಎಮ್ಮೆಯ ಹೆಗಲ ಮಟ್ಟಕ್ಕೆ ಸರಿಯಾಗಿ, ಎರಡು ಮೊಳದಷ್ಟು ಕನ್ನಡಿಯ ಹಾಗೆ ನುಣುಪಾಗಿತ್ತು. ಸಾಹೇಬರು ಹಳ್ಳಿಯ ಕಡೆಯವರೇ. ಬಗ್ಗಿ ಕೈಯಿಂದ ಸವರಿ ನೋಡಿದರು. ಇದು ಎಲ್ಲಿತ್ತು ಎಂದು ಬೊನಿಫಾಸನನ್ನು ಕೇಳಿದರು.

ಬೊನಿಫಾಸ್ ದೊರೆಯ ಮುಖ ನೋಡಲಿಲ್ಲ. "ಗುಡ್ಡದ ನೆತ್ತಿಯಲ್ಲಿ ನಿಲ್ಲಿಸಿದ್ದ ಕಲ್ಲು, ಸ್ವಾಮಿ. ಕೀಳಿಸಿ ತರುವಾಗ ನಾನೇ ನಿಂತಿದ್ದೆ," ಎಂದ. ಅಂದು ಸಂಜೆಯೊಳಗೆ ಅವನ ಕೆಲಸ ಹೋಯಿತು. ಗಂಡ ಹೆಂಡತಿ ಪೆಟ್ಟಿಗೆ ಕಟ್ಟಿಕೊಂಡು ಬಿಸಿಲೆ ಕಡೆಯ ಏಲಕ್ಕಿ ವ್ಯಾಪಾರಿಯೊಬ್ಬನ ಬಳಿ ಹೋಗಿ ಸೇರಿಕೊಂಡರು.

ಎಂಟು ತಿಂಗಳಾದ ಮೇಲೆ ತೀರ್ಪು ಬಂತು. ಓದಿ ಹೇಳುವವರಿಲ್ಲದೆ ಬೆಟ್ಟಮ್ಮ ಬಿಸಿಲೆಗೆ ನಡೆದು ಹೋಗಿ ಬೊನಿಫಾಸನಿಂದಲೇ ಓದಿಸಿಕೊಂಡಳು. ಗುಡ್ಡ ಮೇವಿನ ನೆಲವಾಗಿತ್ತೆಂಬುದು ಸಾಬೀತಾಗಿದೆ. ಆದರೆ ಕ್ಲಬ್ಬಿನವರು ಈಗಾಗಲೇ ಬಹಳ ಖರ್ಚು ಮಾಡಿರುವುದರಿಂದ ಮಂಜೂರಾತಿಯನ್ನು ರದ್ದು ಮಾಡುವುದು ಉಚಿತವಲ್ಲ. ಹಳ್ಳವಿರುವ ಬಡಗಲ ಮಗ್ಗುಲನ್ನು ಊರಿಗೆ ಹಿಂದಿರುಗಿಸತಕ್ಕದ್ದು. ಅರ್ಜಿದಾರಳು ಅಧಿಕಾರಿಗಳ ಮುಂದೆ ವಿನಯದಿಂದ ಮಾತಾಡುವುದನ್ನು ಕಲಿಯತಕ್ಕದ್ದು.

ಎಮ್ಮೆಯ ಬಗ್ಗೆ ಏನು ಬರೆದಿದ್ದಾರೆ ಎಂದು ಬೆಟ್ಟಮ್ಮ ಕೇಳಿದಳು. ಬೊನಿಫಾಸ್ ಕಾಗದವನ್ನು ಮತ್ತೊಮ್ಮೆ ಮೇಲಿನಿಂದ ಕೆಳಗಿನವರೆಗೆ ಓದಿದ. ಏನೂ ಇರಲಿಲ್ಲ.

ಊರಿನವರು ಗೆದ್ದೆವೆಂದು ಕುಣಿದರು. ಅಂದು ದನ ಬಿಚ್ಚದ ಮೂವತ್ತೊಂದು ಮನೆಯವರೂ ಬಡಗಲ ಮಗ್ಗುಲಿಗೆ ದನ ಅಟ್ಟಿದರು. ಬೆಟ್ಟಮ್ಮ ಮಾತ್ರ ಅದನ್ನು ಗೆಲುವು ಎಂದು ಒಪ್ಪಲಿಲ್ಲ. ಮೂರರಲ್ಲಿ ಎರಡು ಪಾಲು ಕದ್ದವನ ಹತ್ತಿರವೇ ಉಳಿದರೆ ಅದೇನು ನ್ಯಾಯ ಎಂದು ಯಾರು ಹೊಗಳಿದರೂ ಎದುರೇ ಕೇಳುತ್ತಿದ್ದಳು. ಕ್ಲಬ್ಬಿಗಾಗಲಿ ಬಂಗಲೆಗಳಿಗಾಗಲಿ ಮತ್ತೆ ಬೆಣ್ಣೆ ಕೊಡಲಿಲ್ಲ. ಪಟೇಲನ ಮನೆಯ ಮದುವೆಗೆ ಹೋಗಲಿಲ್ಲ. ಅವನು ಸತ್ತಾಗಲೂ ಮುಖ ನೋಡಲು ಹೋಗಲಿಲ್ಲ. ಗಂಗಾಮಣಿ ಮಾತ್ರ ಹೋಗಿಬಂದಳು. ಅದಕ್ಕೆ ತಾಯಿ ಮಗಳು ಹದಿನೈದು ದಿನ ಮಾತು ಬಿಟ್ಟಿದ್ದರು. ಕೆಂಪುಮೀಸೆ ದೊರೆ ಅಷ್ಟು ಹೊತ್ತಿಗೆ ತೋಟ ಮಾರಿ ವಿಲಾಯಿತಿಗೆ ಹೊರಟುಹೋಗಿದ್ದ. ಆಟ ಮಾತ್ರ ನಡೆದೇ ಇತ್ತು.

ಸಾವಿರದ ಒಂಬೈನೂರ ಐದರಲ್ಲಿ ಪಟೇಲಿಕೆ ಕೃಷ್ಣಪ್ಪಗೌಡನ ಮಗ ದ್ಯಾವಯ್ಯನಿಗೆ ಬಂದಿತ್ತು. ಆ ವರ್ಷದ ಮಳೆಗಾಲದಲ್ಲಿ ಅವನು ಬಡಗಲ ಮಗ್ಗುಲಿನ ಒಂದು ಮೂಲೆಯಲ್ಲಿ ಬೇಲಿ ಕಟ್ಟಿಸಿ ಮುನ್ನೂರು ಕಾಫಿ ಸಸಿ ನೆಡಿಸಿದ. ನೆರಳಿಗೆಂದು ಹಾಲುವಾಣದ ಗೂಟ ಊರಿಸಿದ. ಕೇಳಿದವರಿಗೆ, ಮೂಲೆಯಲ್ಲಿ ಮೇವು ಚೆನ್ನಾಗಿಲ್ಲ, ಸುಮ್ಮನೆ ಬಿದ್ದಿದೆ ಎಂದ.

ಬೆಟ್ಟಮ್ಮನಿಗೆ ಆಗ ಐವತ್ತು ದಾಟಿತ್ತು. ಮಂಡಿ ನೋವಿನಿಂದ ಏರು ಹತ್ತಲಾಗುತ್ತಿರಲಿಲ್ಲ. ಎಮ್ಮೆಗಳ ಹಿಂದೆ ಗಂಗಾಮಣಿಯೇ ಹೋಗುತ್ತಿದ್ದಳು. ಸುದ್ದಿ ತಂದವಳೂ ಅವಳೇ. ಬೆಟ್ಟಮ್ಮ ಎಲೆ ಹೆಣೆದ ಗೊರಗ ಹೊದ್ದು, ಕೋಲೂರಿಕೊಂಡು, ಮಳೆಯಲ್ಲೇ ಹೊರಟಳು. ಹತ್ತಿ ಮುಗಿಸಲು ಅರ್ಧ ಹೊತ್ತು ಹಿಡಿಯಿತು. ಒಂದು ತುದಿಯಿಂದ ಶುರು ಮಾಡಿ ಸಸಿಗಳನ್ನು ಒಂದೊಂದಾಗಿ ಕಿತ್ತು ಬೇಲಿಯಾಚೆ ಎಸೆದಳು. ಬಗ್ಗಲಾಗದಾಗ ಕೆಸರಿನಲ್ಲಿ ಕೂತು, ಕೂತಲ್ಲಿಂದಲೇ ತೆವಳಿಕೊಂಡು ಕಿತ್ತಳು.

ಆಳುಗಳು ಓಡಿ ಹೋಗಿ ಹೇಳಿ ದ್ಯಾವಯ್ಯ ಬಂದ. ಅಷ್ಟು ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು.

"ಚಿಕ್ಕಮ್ಮ, ನಾನು ದೊರೆಯಲ್ಲ ಕಣೆ. ನಿನ್ ಮನೆ ಹುಡುಗ," ಎಂದ.

"ಅದ್ಕೇ ಕೀಳ್ತಾ ಇರೋದು," ಎಂದಳು ಬೆಟ್ಟಮ್ಮ. "ದೊರೆ ಗುಂಡಿ ತೋಡ್ದಾಗ ಮುಚ್ಚೋ ಧೈರ್ಯ ಇರ್ಲಿಲ್ಲ ನಂಗೆ. ದೊಡ್ಡಿಗೆ ಹೊಡೀತಾರೆ ಅಂತ ಬಿಸಿಲೆಗೆ ಎಮ್ಮೆ ಅಟ್ಟಿದ್ದೆ. ಹೋಗಪ್ಪ, ಫಿರ್ಯಾದು ಕೊಡು. ಯಾರ ಜಾಗದಾಗೆ ನೆಟ್ಟಿದ್ದೆ ಅಂತ ಅಲ್ಲಿ ನೀನೇ ಹೇಳು."

ದ್ಯಾವಯ್ಯ ಆಳುಗಳನ್ನು ಕರೆದುಕೊಂಡು ಇಳಿದುಹೋದ. ಫಿರ್ಯಾದು ಕೊಡಲಿಲ್ಲ. ಉಳಿದ ಸಸಿಗಳನ್ನು ಕಿತ್ತು ಮುಗಿಸುವಾಗ ಬೆಟ್ಟಮ್ಮನ ಜೊತೆ ಇದ್ದವಳು ಗಂಗಾಮಣಿ ಒಬ್ಬಳೇ. ಕೊನೆಯ ಸಾಲು ಕಿತ್ತ ಮೇಲೆ ಮಗಳು ತಾಯಿಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಜಾರುವ ಇಳಿಜಾರಿನಲ್ಲಿ ಹೆಜ್ಜೆ ಹೆಜ್ಜೆಗೂ ನಿಲ್ಲಿಸಿಕೊಂಡು ಮನೆಗೆ ಕರೆತಂದಳು. ಬೆಟ್ಟಮ್ಮ ದಾರಿಯುದ್ದಕ್ಕೂ ಊರಿನ ಒಂದೊಂದು ಮನೆಯ ಹೆಸರು ಹಿಡಿದು ಬೈಯುತ್ತಲೇ ಬಂದಳು.